ಮೂರನೇ ಸಾಲಿನ ಕುರ್ಚಿ

ನಮ್ಮ ಯಜಮಾನರು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬಡಗಿ. ಹೊಸದು ಮಾಡಿದ್ದು ಕಡಿಮೆ, ಮುರಿದದ್ದನ್ನು ರಿಪೇರಿ ಮಾಡಿದ್ದೇ ಹೆಚ್ಚು. ಕಾಲು ಅಲ್ಲಾಡುವ ಮೇಜು, ಬೆನ್ನು ಕಳಚಿದ ಕುರ್ಚಿ, ಹುಡುಗರು ಹೆಸರು ಕೆತ್ತಿ ಕೆಡಿಸಿದ ಹಲಗೆ. ಹುಬ್ಬಿನಲ್ಲಿ ಸದಾ ಮರದ ಪುಡಿ. ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲೇ ಸುತ್ತಿಗೆ ಏಟು ಬಿದ್ದು ಹೋಗಿತ್ತು. ಆ ಬೋಳು ಬೆರಳಿನಿಂದಲೇ ಮರ ತಟ್ಟಿ ನೋಡುತ್ತಿದ್ದರು. ಟಕ್ ಟಕ್. ಸ್ವಲ್ಪ ಬಿಟ್ಟು ಇನ್ನೊಂದು ಟಕ್.

ಅಲ್ಲಿನ ಷೆಡ್ಡಿನಲ್ಲಿ ಜಾಗ ಸಾಲದಾದರೆ ಕೆಲಸ ಮನೆಗೆ ತರುತ್ತಿದ್ದರು. ಹಜಾರದಲ್ಲೇ ಉಳಿ, ಅಂಟು, ಉಪ್ಪುಕಾಗದ. ಅವರದು ಒಂದು ಪದ್ಧತಿ ಇತ್ತು. ರಿಪೇರಿ ಆದ ಕುರ್ಚಿಯಲ್ಲಿ ದೀಪ ಹಚ್ಚುವುದರೊಳಗೆ ಯಾರಾದರೂ ಕೂತು ಏಳಬೇಕು. ರಿಪೇರಿ ಮಾಡಿದವರು ಮಾತ್ರ ಮೊದಲು ಕೂರಬಾರದು. ಕೆಲಸ ಕಲಿಸಿದ ಮೇಸ್ತ್ರಿಯಿಂದ ಬಂದ ಮಾತಂತೆ.

"ಕೂರಿಸದೆ ಬಿಟ್ಟರೆ ಏನಾಗುತ್ತೆ?" ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ನಾವು ಕೂರಿಸದಿದ್ದರೆ ಇನ್ಯಾರೋ ಬಂದು ಕೂರ್ತಾರೆ."

"ಯಾರು?"

"ನೋಡಿದವರು ಯಾರಿದ್ದಾರೆ? ನೀ ಸುಮ್ನೆ ಕೂತ್ಕೊಳ್ಳೇ."

"ನೀವೇ ಕೂತರೆ?"

"ಆಮೇಲೆ ಏಳೋಕಾಗಲ್ಲ ಅಂತಿದ್ದ ಮೇಸ್ತ್ರಿ."

ಹಾಗಾಗಿ ರಿಪೇರಿಗೆ ಮನೆಗೆ ಬಂದ ಕುರ್ಚಿಯಲ್ಲೆಲ್ಲ ನಾನೇ ಮೊದಲು ಕೂತವಳು. ಓದಿದ್ದು ನಾಲ್ಕನೇ ಕ್ಲಾಸು. ಕೂತದ್ದು ಪ್ರೊಫೆಸರುಗಳಿಗಿಂತ ಮುಂಚೆ. "ಇವಳು ಕೂತರೂ ತಡೆದುಕೊಂಡಿತು, ಇನ್ನು ಕುಲಪತಿ ಕೂತರೆ ಏನೂ ಆಗಲ್ಲ" ಅಂತ ನಗುತ್ತಿದ್ದರು. ನಾನು ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದೆ.

ಒಬ್ಬಳೇ ಮಗಳು. ವಿಶ್ವವಿದ್ಯಾಲಯದಲ್ಲಿ ಸೀಟು ಸಿಗದೆ ಬಸ್ ನಿಲ್ದಾಣದ ಹಿಂದಿನ ಖಾಸಗಿ ಕಾಲೇಜಿಗೆ ಸೇರಿದಳು. ರಸಾಯನಶಾಸ್ತ್ರ. ಅಲ್ಲಿ ಲ್ಯಾಬಿಗೆ ನಲ್ಲಿ ಇತ್ತು, ನೀರಿರಲಿಲ್ಲ. ಪಾಠ ಹೇಳುವವರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಎರಡು ವರ್ಷ ಮುಗಿದ ಮೇಲೆ, ಈ ವಿಷಯವನ್ನೇ ಮುಚ್ಚುತ್ತೇವೆ, ಕೊನೇ ವರ್ಷ ಬೇರೆ ಕಡೆ ನೋಡಿಕೊಳ್ಳಿ ಅಂದುಬಿಟ್ಟರು. ಬೇರೆ ಕಡೆ ಅಂದರೆ ವಿಶ್ವವಿದ್ಯಾಲಯ ಒಂದೇ. ಅಲ್ಲಿಗೆ ವರ್ಗ ಆಗದಿದ್ದರೆ ಓದಿದ ಎರಡು ವರ್ಷ ನೀರಿನಲ್ಲಿ ಹೋಮ.

ಯಜಮಾನರು ಅಲ್ಲಿನ ಗುಮಾಸ್ತನನ್ನು ಕೇಳಿದರು. ದಪ್ಪ ಮನುಷ್ಯ. ಅವನ ಕುರ್ಚಿಯನ್ನು ಇವರೇ ಎರಡು ಸಲ ಗಟ್ಟಿ ಮಾಡಿದ್ದರು. ಅವನು ಹೇಳಿದ್ದನ್ನು ಇವರು ಮನೆಗೆ ಬಂದು ನಮಗೆ ಒಪ್ಪಿಸಿದರು.

"ಪಾಠ ಎರಡೂ ಕಡೆ ಒಂದೇ ಇರಬೇಕಂತೆ, ಇದೆ. ಅಂಕ ಇರಬೇಕಂತೆ, ಇದೆ. ಆ ಕಾಲೇಜು ಬಿಡ್ತೀನಿ ಅನ್ನಬೇಕು, ಈ ವಿಶ್ವವಿದ್ಯಾಲಯ ತಗೋತೀನಿ ಅನ್ನಬೇಕು."

"ಅನ್ನುತ್ತಾರಾ ಅಪ್ಪ?" ಮಗಳು ಕೇಳಿದಳು.

"ತರಗತಿಯಲ್ಲಿ ಜಾಗ ಖಾಲಿ ಇಲ್ಲವಲ್ಲ ಮಗಾ. ಯಾರಾದರೂ ಬಿಟ್ಟು ಹೋದರೆ ಉಂಟು. ಈ ತಿಂಗಳು ಮುಗಿಯೋದರೊಳಗೆ."

"ಬೇರೆ ದಾರಿ ಇಲ್ವಾ?"

"ಇಲ್ಲ" ಅಂದರು. ಅನ್ನುವಾಗ ನನ್ನ ಮುಖ ನೋಡಲಿಲ್ಲ.

ಅವತ್ತಿನಿಂದ ಅವರು ಬದಲಾದರು. ಕೊನೇ ವರ್ಷದ ತರಗತಿಗೆ ಯಾವುದೋ ನೆಪದಲ್ಲಿ ಹೋಗುವುದು, ಕುರ್ಚಿ ಕುರ್ಚಿಗೂ ಕೈ ಸವರುವುದು. ಒಂದು ಸಂಜೆ ಕಾಲು ತೊಳೆಯುತ್ತಲೇ ಹೇಳಿದರು. "ಮೂರನೇ ಸಾಲು, ಕಿಟಕಿ ಪಕ್ಕದ್ದು. ಧೂಳು ಕೂತಿದೆ. ಆ ಹುಡುಗಿ ಬರ್ತಿಲ್ಲ."

"ಏನಾಯಿತಂತೆ?"

"ಹುಷಾರಿಲ್ಲವಂತೆ. ಆಸ್ಪತ್ರೆಯಲ್ಲಿದ್ದಾಳೆ. ಜ್ಞಾನ ಇಲ್ಲವಂತೆ."

ದಿನಾ ಅದೇ ವರದಿ. ಧೂಳು ಹಾಗೇ ಇದೆ, ಇನ್ನೂ ಹೆಚ್ಚಾಗಿದೆ. ಮಗಳು ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಯಾರ ಮನೆ ಮಗುವೋ ಏನೋ. ಅದು ಸಾಯಲಿ ಅಂತ ಕಾಯ್ತಿದ್ದೀರೇನ್ರೀ?" ಅಂದೆ.

ಅವರು ಊಟ ಬಿಟ್ಟು ಎದ್ದರು.

ಮಾರನೇ ದಿನ ಆ ಕುರ್ಚಿಯನ್ನೇ ಹೆಗಲ ಮೇಲೆ ಹೊತ್ತು ಮನೆಗೆ ತಂದರು. ಬರೆಯಲು ಬಲಕ್ಕೆ ಹಲಗೆ ಇರುವ ಕುರ್ಚಿ. ಯಾರೂ ಕೂರದಿದ್ದರೂ ಅದರ ಒಂದು ಕಾಲು ಸಂದು ಬಿಟ್ಟಿತ್ತಂತೆ. ಮಧ್ಯಾಹ್ನವೆಲ್ಲ ನೆಲದ ಮೇಲೆ ಕೂತು ಕಾಲು ಬಿಗಿ ಮಾಡಿದರು, ಉಪ್ಪುಕಾಗದ ಉಜ್ಜಿದರು, ಹಲಗೆಯನ್ನು ಟಕ್ ಟಕ್ ಅಂತ ತಟ್ಟಿದರು. ಹೊತ್ತು ಇಳಿಯಿತು. "ಬಾರೇ, ಕೂತ್ಕೋ" ಅಂದರು.

"ನಾನು ಕೂರಲ್ಲ."

"ಕತ್ತಲಾಗ್ತಿದೆ."

"ಆಗಲಿ. ಸಾಯೋ ಮಗುವಿನ ಕುರ್ಚಿ ಅದು. ನಾನೂ ಕೂರಲ್ಲ, ಮಗಳನ್ನೂ ಕೂರಿಸಬೇಡಿ."

ಅವರು ಕುರ್ಚಿಯನ್ನೇ ನೋಡುತ್ತಾ ನಿಂತರು. "ಯಾರಾದರೂ ಒಬ್ಬರು ಕೂರಲೇಬೇಕಲ್ಲ" ಅಂದರು. ಜೋರಾಗಿ ಅಲ್ಲ, ತಮಗೆ ತಾವೇ. ಟೀ ಕೇಳಿದರು. ನಾನು ಒಳಗೆ ಹೋದೆ. ಟೀ ಲೋಟ ಹಿಡಿದು ಬಂದಾಗ ಅದರಲ್ಲಿ ಕೂತಿದ್ದರು. ಕೈ ಹಲಗೆಯ ಮೇಲೆ. ಪಾಠ ಕೇಳುವ ಹುಡುಗನ ಹಾಗೆ ಮುಖ ಮುಂದಕ್ಕೆ. ಕರೆದೆ. ಹೆಗಲು ಅಲುಗಿಸಿದೆ. ಏಳಲಿಲ್ಲ.

ಎದೆ ನಿಂತಿತು ಅಂದರು ಡಾಕ್ಟರು. ಆಗಿರಬಹುದು.

ಮಣ್ಣು ಮಾಡಿ ಬಂದೆವು. ನೆಂಟರು ಹೋದರು. ಕುರ್ಚಿ ಹಜಾರದಲ್ಲೇ ಉಳಿಯಿತು, ಮುಟ್ಟುವವರಿರಲಿಲ್ಲ. ಹೊತ್ತು ಇಳಿಯುವಾಗ ಅದು ಕಿರ್ ಅನ್ನುತ್ತಿತ್ತು. ಮರ ಬಿಸಿಲಿಗೆ ಹಿಗ್ಗುತ್ತೆ, ತಂಪಿಗೆ ಕುಗ್ಗುತ್ತೆ, ಬಡಗಿ ಹೆಂಡತಿಗೆ ಅಷ್ಟು ಗೊತ್ತು. ಆದರೆ ಭಾರ ಹೊತ್ತ ಕುರ್ಚಿಯ ಸದ್ದು ಬೇರೆ. ಅದೂ ಗೊತ್ತು. ಆಮೇಲೆ ಹಲಗೆಯ ಮೇಲೆ ಟಕ್ ಟಕ್. ಸ್ವಲ್ಪ ಬಿಟ್ಟು ಇನ್ನೊಂದು.

"ಅಮ್ಮಾ, ಕೇಳಿಸ್ತಾ?" ಮಗಳು ಕೇಳಿದಳು.

"ಪಕ್ಕದ ಮನೆಯಲ್ಲಿ ಏನೋ ಕುಟ್ತಿದ್ದಾರೆ."

ಪಕ್ಕದ ಮನೆಗೆ ಬೀಗ ಬಿದ್ದು ಯಾವ ಕಾಲವಾಯಿತೋ. ಅವಳಿಗೂ ಗೊತ್ತಿತ್ತು.

ಆ ವಾರವೇ ಒಂದು ಹುಡುಗಿ ಮನೆ ಹುಡುಕಿಕೊಂಡು ಬಂದಳು. ಸಣಕಲು, ತಲೆಗೆ ಬಟ್ಟೆ ಸುತ್ತಿದ್ದಳು. ಮೂರನೇ ಸಾಲಿನವಳು ನಾನು ಅಂದಳು. ಎದ್ದು ಓಡಾಡುತ್ತಿದ್ದಳು, ನಾಳೆಯಿಂದ ಕ್ಲಾಸಿಗೆ ಹೋಗುವವಳಿದ್ದಳು. ಕುರ್ಚಿ ಬಡಗಿ ಮನೆಯಲ್ಲಿದೆ ಅಂತ ಗುಮಾಸ್ತ ಹೇಳಿದನಂತೆ. ಜ್ಞಾನ ಬಂದದ್ದು ಯಾವತ್ತು ಅಂತ ಕೇಳಿದೆ. ಅವಳು ಹೇಳಿದ್ದು, ನಾನು ಒಳಗೆ ಟೀ ಕಾಸುತ್ತಿದ್ದ ಆ ಸಂಜೆಯನ್ನೇ.

"ಆಂಟಿ, ಜ್ಞಾನ ಬರೋ ಮುಂಚೆ ಕನಸಿನ ಹಾಗೆ ಕಂಡಿತು. ಯಾರೋ ಒಬ್ಬರು ನನ್ನ ಜಾಗದಲ್ಲಿ ಕೂತಿದ್ದರು. ಹುಬ್ಬೆಲ್ಲ ಮರದ ಪುಡಿ. ನೀನು ಹೋಗಮ್ಮ, ನಾನು ಕೂತಿದ್ದೀನಿ ಅಂದರು. ಅವರ ಹೆಬ್ಬೆರಳಿಗೆ..."

"ಉಗುರಿಲ್ಲ" ಅಂದೆ.

ಅವಳು ಅವರನ್ನು ಒಂದು ದಿನವೂ ಕಂಡವಳಲ್ಲವಂತೆ. ಹಜಾರದ ಕುರ್ಚಿ ನೋಡಿದಳು. ಹತ್ತಿರ ಹೋಗಲಿಲ್ಲ. "ನನಗೆ ಬೇರೆ ಕುರ್ಚಿ ಕೊಡ್ತಾರೆ ಬಿಡಿ" ಅಂತ ಹೊರಟುಹೋದಳು.

ಆ ಮಗು ಬದುಕಿತು, ಸಂತೋಷ. ಮಗಳಿಗೆ ಸಿಗಬಹುದಿದ್ದ ಜಾಗ ಹೋಯಿತು. ತಿಂಗಳು ಮುಗಿಯುತ್ತಾ ಬಂದಿತ್ತು.

ಆಗ ಗುಮಾಸ್ತ ಬಂದ. ಬಾಗಿಲಲ್ಲೇ ಬೆವರು ಒರೆಸಿಕೊಂಡು ನಿಂತ.

"ತಾಯೀ, ಮಗಳನ್ನು ಕಳಿಸಿ. ಜಾಗ ಆಗಿದೆ."

"ಯಾರು ಬಿಟ್ಟರು?"

"ಯಾರೂ ಬಿಟ್ಟಿಲ್ಲ. ಕೆಲಸದಲ್ಲಿದ್ದಾಗಲೇ ನೌಕರ ತೀರಿಕೊಂಡರೆ ಅವನ ಮಗುವಿಗೆ ಒಂದು ಜಾಗ ಹೆಚ್ಚಿಗೆ ಮಾಡ್ತಾರೆ. ತರಗತಿ ತುಂಬಿದ್ದರೂ ಸರಿ. ಆವತ್ತು ಎಲ್ಲಾ ದಾರಿ ಹೇಳ್ತಾ ಇದನ್ನೂ ಹೇಳಿದ್ದೆ ನಿಮ್ಮ ಯಜಮಾನರಿಗೆ. ಇದು ನಿನಗೆ ಬೇಡಪ್ಪಾ ಅಂತ ನಕ್ಕಿದ್ದೆ." ಅವನ ದನಿ ಸಣ್ಣದಾಯಿತು. "ಅವರು ನಗಲಿಲ್ಲ."

ನಾನು ಹಜಾರದ ಕುರ್ಚಿಯ ಕಡೆ ತಿರುಗಿದೆ.

"ಇನ್ನೊಂದು ವಿಷಯ. ತರಗತಿಗೆ ಒಂದು ಕುರ್ಚಿ ಕಡಿಮೆ. ಷೆಡ್ಡಿನಲ್ಲಿ ಸರಿ ಇರೋದು ಒಂದೂ ಇಲ್ಲ, ಮಾಡೋರೂ ಇಲ್ಲ. ಇದೇ ಬೇಕಾಗುತ್ತೆ."

ಹೊರಗೆ ಗಾಡಿ ಕಾಯುತ್ತಿತ್ತು. ಮಗಳು ಕುರ್ಚಿಗೆ ಕೈ ಹಾಕಿದಳು. ಬರಲಿಲ್ಲ. ಗುಮಾಸ್ತ ಕೈ ಹಾಕಿದ. ಮೈ ಭಾರವೆಲ್ಲ ಹಾಕಿ ಎಳೆದ, ಕುರ್ಚಿ ಕದಲಲಿಲ್ಲ. "ಇದೇನು ತಾಯೀ, ನೆಲಕ್ಕೆ ಮೊಳೆ ಹೊಡೆದಿದ್ದೀರಾ?" ಅಂದ. ನಗಲಿಕ್ಕೆ ನೋಡಿದ, ಆಗಲಿಲ್ಲ.

ಅವರೊಬ್ಬರೇ ಹೊತ್ತು ತಂದ ಕುರ್ಚಿ ಅದು.

ನಾನು ಹತ್ತಿರ ಹೋಗಿ ಕೂರುವ ಹಲಗೆ ಮುಟ್ಟಿದೆ. ಆ ಮೂಲೆಗೆ ಬಿಸಿಲು ಬರುವುದಿಲ್ಲ. ಬೆಚ್ಚಗಿತ್ತು. ಈಗ ತಾನೇ ಒಬ್ಬರು ಕೂತಿದ್ದ ಹಾಗಲ್ಲ. ಕೂತೇ ಇದ್ದ ಹಾಗೆ.

ಗಂಡನ ಮೇಲೆ ನಾನು ಯಾವತ್ತೂ ಬೇರೆಯವರ ಎದುರಿಗೆ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ.

"ಏಳ್ರೀ. ಸಾಕು. ಅವಳು ಕೂರಬೇಕು."

ಏನೂ ಆಗಲಿಲ್ಲ. ಮಗಳು ಅಳುತ್ತಿದ್ದಳು. ನನಗೆ ಹೊಳೆಯಿತು. ಆ ಸಂಜೆ ಅವರು ಕರೆದಾಗ ನಾನು ಮಾಡದೆ ಉಳಿಸಿದ ಕೆಲಸ ಹಾಗೇ ಇತ್ತಲ್ಲ. ಸೆರಗು ಸರಿಮಾಡಿಕೊಂಡು ತಿರುಗಿದೆ, ಕೂತೆ.

ಮರ ನನ್ನ ಕೆಳಗೆ ಕಿರ್ ಅಂದಿತು. ಬಲಗೈ ಪಕ್ಕದಲ್ಲಿ ಹಲಗೆ ಮೇಲೆ ಟಕ್ ಟಕ್. ಆಮೇಲೆ ಇನ್ನೊಂದಕ್ಕೆ ಕಾದೆ. ಅದು ಬರಲಿಲ್ಲ. ಬೆನ್ನಿಗಿದ್ದ ಬಿಸಿ ಮೆಲ್ಲಗೆ ಇಳಿಯಿತು. ನೀರು ಇಳಿದ ಹಾಗೆ. ಮರ ತಣ್ಣಗಾಯಿತು.

ಎದ್ದೆ. "ಈಗ ಎತ್ತು" ಅಂದೆ.

ಮಗಳು ಒಂದೇ ಕೈಯಲ್ಲಿ ಎತ್ತಿಕೊಂಡಳು. ಗುಮಾಸ್ತ ಬಾಗಿಲು ಬಿಟ್ಟು ದೂರ ಸರಿದ. ಗಾಡಿ ಹೋಯಿತು.

ಈಗ ಅವಳು ಮೂರನೇ ಸಾಲಿನಲ್ಲೇ ಕೂರುತ್ತಾಳೆ, ಆ ಸಣಕಲು ಹುಡುಗಿಯ ಪಕ್ಕ. ಲ್ಯಾಬಿನ ನಲ್ಲಿಯಲ್ಲಿ ನೀರು ಬರುತ್ತದಂತೆ. ಕುರ್ಚಿ ಏನಾದರೂ ಅನ್ನುತ್ತಾ ಅಂತ ಒಮ್ಮೆ ಕೇಳಿದೆ. ಇಲ್ಲಮ್ಮಾ, ಬರೀ ಕುರ್ಚಿ ಅಂದಳು.

ನಮ್ಮ ಹಜಾರವೂ ಬರೀ ಹಜಾರ. ಹೊತ್ತು ಇಳಿಯುವಾಗ ಕಿವಿ ಕೊಟ್ಟು ಕೂರುತ್ತೇನೆ. ಏನೂ ಇಲ್ಲ.

ಏಳಿ ಅಂದವಳು ನಾನೇ.