ಸದ್ದಿಲ್ಲದ ವಿಡಿಯೋ

ಸ್ಪೀಕರ್ ಕೆಟ್ಟಿರಬೇಕು ಎಂದೇ ನಾನು ಮೊದಲು ಅಂದುಕೊಂಡಿದ್ದೆ. ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಡಂ ಇಂಟರ್ನೆಟ್ಟಿನಿಂದ ವಿಡಿಯೋ ಹಾಕುತ್ತಿದ್ದರು. ಪಕ್ಕದ ಕೋಣೆಯಲ್ಲಿ ಗಣಿತ ಹೇಳುತ್ತಿದ್ದ ನನಗೆ ಕೇಳಿಸುತ್ತಿದ್ದದ್ದು ಬರೀ ಮಕ್ಕಳ ಗಲಾಟೆ. ಇಣುಕಿದರೆ, ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರದೆಗೆ ಬೆನ್ನು ಹಾಕಿ, ಮಕ್ಕಳ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದರು.

"ಸೌಂಡ್ ಆಫ್ ಮಾಡಿವ್ನಿ, ಮಾತು ನೀವ್ ಹಾಕ್ರಪ್ಪ" ಎನ್ನುವುದು ಅವರ ದಿನನಿತ್ಯದ ಮಾತು.

ಒಮ್ಮೆ ಅಧಿಕಾರಿಯೊಬ್ಬರು ಪಾಠ ನೋಡಲು ಬಂದರು. ಜೊತೆಗೆ ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. ಪರದೆಯ ಮೇಲೆ ಕಡಲೆಕಾಯಿ ಗಿಡ. ಬಾಡಿದ ಹೂವಿನ ಬುಡದಿಂದ ಹೊರಟ ಎಳೆಯೊಂದು ಮೆಲ್ಲಗೆ ನೆಲದೊಳಕ್ಕೆ ಇಳಿಯುತ್ತಿತ್ತು. ಮನೆಯಲ್ಲಿ ತೆಲುಗಾಡುವ, ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಥಟ್ಟನೆ ಎದ್ದು, "ಅದಿಗೋ, ನೇಲಲೋಕಿ ಪೋತಾಂದಿ!" ಎಂದು, ಅದು ನೆಲದೊಳಕ್ಕೆ ಹೋಗುತ್ತಿದೆಯೆಂದು ತೆಲುಗಿನಲ್ಲೇ ಕೂಗಿದಳು. ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿ ಕೂತುಬಿಟ್ಟಳು.

ಮೇಡಂ ವಿಡಿಯೋವನ್ನು ಹಿಂದಕ್ಕೆ ಎಳೆದರು. "ಇನ್ನೊಂದ್ಸಲ ಹೇಳು ಕಣಮ್ಮ, ಪೂರ್ತಿ ಹೇಳು."

ಮಣ್ಣಿನೊಳಗೆ ಕಾಯಿ ಕಟ್ಟುವವರೆಗೂ ಅವಳು ತೆಲುಗಿನಲ್ಲೇ ಹೇಳಿದಳು. ನಕ್ಕವರೆಲ್ಲ ತಲೆಯಾಡಿಸುತ್ತ ಕೇಳಿದರು.

"ಇದು ಕನ್ನಡ ಶಾಲೆ ಅಲ್ವೇನಮ್ಮ?" ಎಂದರು ಅಧಿಕಾರಿ.

"ಹೌದು ಸಾರ್. ಈಗ ವಿಜ್ಞಾನದ ಪಾಠ ನಡೀತೈತೆ. ಅವ್ಳು ಹೇಳಿದ್ದು ಸರಿಯಾಗೈತೆ" ಎಂದು ಮೇಡಂ ಮುಂದಿನ ವಿಡಿಯೋ ಹಾಕಿದರು.

ಮಾರನೆಯ ವಾರ ಪಕ್ಕದ ಕೋಣೆಯಿಂದ ಸ್ಪೀಕರಿನ ದನಿ ಜೋರಾಗಿ ಕೇಳಿ, ತಟ್ಟನೆ ನಿಂತಿತು. ಇಣುಕಿ ನೋಡಿದೆ. ಮೇಡಂಗಿಂತ ಮೊದಲೇ ಎದ್ದು ಬಂದು ಅದರ ಬಾಯಿ ಮುಚ್ಚಿಸಿದವಳು ಅದೇ ಹುಡುಗಿ.