ಅಳಿಯನ ಗಿಡಕ್ಕೆ ಔಷಧಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ‘ಸಿಡುಕಮ್ಮ’ ಎಂದು ಹೆಸರು. ಹೆಸರಿಗೆ ಮೋಸವಿಲ್ಲ, ಮೂಗಿನ ತುದಿಯಲ್ಲೇ ಕೋಪ. ಆದರೆ ಆ ಮೂಗು ಬರೀ ಕೋಪಕ್ಕೆ ಇದ್ದದ್ದಲ್ಲ. ಬೆಳೆಗೆ ಹೊಡೆಯುವ ವಿಷ ಹೊಟ್ಟೆಗೆ ಹೋದವರ ಹಾಸಿಗೆ ಬಟ್ಟೆ ಬಂದರೆ, ಗಂಟು ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ರಕ್ತದ ಕಲೆ ತಣ್ಣೀರಿಗೆ ಹೋಗುತ್ತದೆ. ಈ ದರಿದ್ರ ವಾಸನೆ ಮಾತ್ರ ಕುದಿಸಿದರೂ ಜಗ್ಗುವುದಿಲ್ಲ. ಅಂಥ ಬಟ್ಟೆ ಒಗೆದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹಾಗಾಗಿ ತಾರಸಿಯ ಮೇಲಿನ ಅವಳ ಕೋಸಿಗೆ, ಟೊಮೆಟೊಗೆ ಅಂಗಡಿಯ ಬಾಟಲಿ ಸೋಕಿರಲಿಲ್ಲ. ಬೆಳಗ್ಗೆ ಎದ್ದು ಎಲೆ ಮಗುಚಿ ಹುಳ ಆರಿಸುವಳು, ಬೆಳ್ಳುಳ್ಳಿ ಜಜ್ಜಿ ಹಾಕಿದ ಸೋಪಿನ ನೀರು ಚಿಮುಕಿಸುವಳು. ಮೂಲೆಯ ಒಡಕು ಬಕೆಟ್ಟಿನಲ್ಲಿದ್ದ ಒಂದು ಸಾಸಿವೆ ಗಿಡವನ್ನು ಮಾತ್ರ ಹುಳಗಳಿಗೇ ಬಿಟ್ಟುಕೊಟ್ಟಿದ್ದಳು. ಗಿಡದ ಹೇನುಗಳೆಲ್ಲ ಕೋಸನ್ನು ಬಿಟ್ಟು ಅದಕ್ಕೆ ಮುತ್ತುತ್ತಿದ್ದವು. ಆ ಹೇನು ತಿನ್ನಲು ಗುಲಗಂಜಿ ಹುಳಗಳು ಬಂದು ಅಲ್ಲೇ ಸಂಸಾರ ಹೂಡುತ್ತಿದ್ದವು. ಕೂತಲ್ಲೇ ಉಪಚಾರ ಮಾಡಿಸಿಕೊಂಡು ಏನೂ ಕೊಡದ ಆ ಗಿಡವನ್ನು ಅವಳು ‘ಅಳಿಯ’ ಎಂದು ಕರೆಯುತ್ತಿದ್ದಳು.

ಮನೆಯಲ್ಲಿ ನಿಜವಾದ ಅಳಿಯನೂ ಒಬ್ಬನಿದ್ದ. ಕೆಲಸ ಹೋದ ಮೇಲೆ ಹೆಂಡತಿ ಮಗುವಿನೊಂದಿಗೆ ಇಲ್ಲಿಗೆ ಬಂದು ಸೇರಿದವನು. “ನಮ್ಮ ಅಳಿಯನ ಮೈತುಂಬ ಹೇನು ಕಣೇ” ಎಂದು ಅತ್ತೆ ಪಕ್ಕದ ಮನೆಯವಳೊಡನೆ ನಗುತ್ತಿದ್ದುದು ಅವನ ಕಿವಿಗೆ ಬಿತ್ತು. ಉರಿದುಹೋದ. ಅತ್ತೆಯೂ ಹೆಂಡತಿಯೂ ಕೆಲಸಕ್ಕೆ ಹೋದ ಹೊತ್ತು ನೋಡಿ ಅಂಗಡಿಯಿಂದ ಬಾಟಲಿ ತಂದ, ಲೋಟದಲ್ಲಿ ನೀರಿಗೆ ಬೆರೆಸಿ ಆ ಗಿಡದ ಮೇಲೆಲ್ಲ ಚಿಮುಕಿಸಿದ.

“ಏನಪ್ಪಾ ಅದು?” ಎಂದಳು ಪುಟ್ಟ ಮಗಳು.

“ಔಷಧಿ ಕಣೇ ಚಿನ್ನ. ಅಳಿಯಂಗೆ ಹುಷಾರಿಲ್ಲ.”

ಅಷ್ಟರಲ್ಲಿ ಫೋನ್ ಬಂತೆಂದು, ಉಳಿದದ್ದನ್ನು ಲೋಟದಲ್ಲೇ ಬಿಟ್ಟು ಕೆಳಗಿಳಿದ. ಬುದ್ಧಿಗೇಡಿ! ಮಗುವಿಗೆ ಆಗ ಕೆಮ್ಮು. ಔಷಧಿಯೆಂದರೆ ಹಟ ಮಾಡದೆ ಕುಡಿದು ಜಾಣೆ ಎನ್ನಿಸಿಕೊಳ್ಳುವುದು ಎಂದಷ್ಟೇ ಅದಕ್ಕೆ ಗೊತ್ತು.

ಮಧ್ಯಾಹ್ನ ಸಿಡುಕಮ್ಮ ಮನೆಗೆ ಬಂದಾಗ ಮೆಟ್ಟಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಏದುಸಿರು ಬಿಡುತ್ತ ತಾರಸಿಗೆ ಓಡಿದಳು. ಮೊಮ್ಮಗಳು ಬಾಯಿ ಒರೆಸಿಕೊಳ್ಳುತ್ತ ಕೂತಿದ್ದಳು.

“ಅಜ್ಜಿ, ನಾನೂ ಔಷಧಿ ಕುಡಿದೆ. ಅಳಲೇ ಇಲ್ಲ.”

ಆಸ್ಪತ್ರೆಯಲ್ಲಿ ಡಾಕ್ಟರು ಮಗು ಏನು ಕುಡಿಯಿತು ಎಂದು ಕೇಳಿದರೆ, ಅಳಿಯ “ಔಷಧಿ ಸರ್” ಎಂದ.

“ಯಾವ ಔಷಧಿ? ಕೆಮ್ಮಿಂದಾ?”



“ಔಷಧಿಯಂತೆ ಔಷಧಿ! ವಿಷ ಅನ್ನೋಕೆ ನಾಲಿಗೆ ಹೊರಳಲ್ವೇನೋ?” ಎಂದು ಸಿಡುಕಮ್ಮ ಕಿರುಚಿದಳು. ತಾರಸಿಯಿಂದ ಎತ್ತಿಕೊಂಡು ಬಂದಿದ್ದ ಬಾಟಲಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಕುಕ್ಕಿದಳು. “ಗಿಡಕ್ಕೆ ಹೊಡೆಯೋ ವಿಷ ಡಾಕ್ಟ್ರೇ, ಇದು!”

ಒಂದೇ ಗುಟುಕು ಕುಡಿದಿದ್ದರಿಂದ ಮಗು ಉಳಿಯಿತು. ಇನ್ನಾದರೂ ಸಮಾಧಾನ ಮಾಡಿಕೋ ಎಂದರು ಎಲ್ಲರೂ. ಯಾಕೆ ಮಾಡಿಕೊಳ್ಳಬೇಕು? ಕೊಲ್ಲುವುದನ್ನೇ ಔಷಧಿ ಎಂದು ಮಾರುವವರು, ಔಷಧಿ ಎಂದೇ ಕರೆದು ಮನೆಯೊಳಗೆ ತರುವವರು ಆರಾಮವಾಗಿರಬೇಕು, ಅವಳು ಮಾತ್ರ ಬಾಯಿ ಮುಚ್ಚಿಕೊಂಡಿರಬೇಕೇ?

ಮಾರನೆಯ ದಿನ ಒಗೆಯುವ ತೊಟ್ಟಿಗೆ ಬಂದ ಗಂಟುಗಳಲ್ಲಿ ಮಗುವಿನ ಹಾಸಿಗೆ ಬಟ್ಟೆಯೂ ಇತ್ತು. ಬಿಚ್ಚದೆಯೇ ಗೊತ್ತಾಯಿತು. ವಾರ್ಡಿನ ಹೊರಗೆ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದ ಅಳಿಯನನ್ನು ಕರೆತಂದು ಅದನ್ನು ಅವನ ಕೈಗೆ ತುರುಕಿದಳು.

“ಒಗಿ.”

“ಅತ್ತೆ, ಆ ಗಿಡಕ್ಕೆ ನನ್ನ ಹೆಸರಿಟ್ಟು ನಗ್ತಿದ್ರಲ್ಲ, ಅದಕ್ಕೇ...”

“ನಕ್ಕೆ. ಅದು ನನ್ನ ತಪ್ಪೇ. ಅದಕ್ಕೆ ನನ್ನ ಜೊತೆ ಜಗಳ ಆಡಬೇಕಿತ್ತು. ಈಗ ಒಗಿ. ವಾಸನೆ ಹೋಗೋ ತನಕ ಒಗಿ.”

ಅವನು ಒಗೆದ. ಹಿಂಡಿ ಮೂಗಿಗೆ ಹಿಡಿದು ನೋಡಿ, ಮತ್ತೆ ನೀರಿಗೆ ಅದ್ದಿದ. ಅದು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.