ಗೋಡೆಗೆ ಕಟ್ಟಬೇಡಿ ಎಂದ ಗಿರಿಜವ್ವ

ರೋಗಿಯ ಮಂಚದ ಮೇಲೆ ಕೂರಬಾರದೆಂಬ ನಿಯಮವನ್ನು ಗಿರಿಜವ್ವ ಸಿಸ್ಟರ್ ಒಂದು ದಿನವೂ ಪಾಲಿಸಿದವರಲ್ಲ. ಶಿರಸಿಯ ಆಸ್ಪತ್ರೆಗೆ ಹೊಸ ಡಾಕ್ಟರಾಗಿ ಹೋದ ನಾನು ದೊಡ್ಡಸ್ತಿಕೆಯಿಂದ ಸ್ಟೂಲು ತೋರಿಸಿದೆ. “ಸ್ಟೂಲಿನ ಮ್ಯಾಲ ಕುಂತ್ರ ಪಾಳಿ ಮುಗಿಯೂದನ್ನ ಕಾಯ್ಕೋತ ಕುಂತಂಗ ಆಕ್ಕೈತ್ರಿ. ಸಾಯಾವ್ರಿಗೆ ಗೊತ್ತಾಕ್ಕೈತಿ,” ಎಂದರು. ಸ್ಟೂಲನ್ನು ನಾನೇ ಮೂಲೆಗೆ ಸರಿಸಿದೆ.

ಮುಂದೆ ನಾನು ಗಗನಯಾತ್ರಿಗಳ ವೈದ್ಯನಾದೆ. ಮರಳಿ ಕರೆತರಲಾಗದಷ್ಟು ದೂರದಲ್ಲಿ ಒಬ್ಬರು ಸಾಯುವಂತಾದರೆ ಜೊತೆಗಿದ್ದವರು ಅವರನ್ನು ಹೇಗೆ ನೋಡಿಕೊಳ್ಳಬೇಕು? ಆ ನಿಯಮಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನೋವಿನ ಔಷಧಿ, ಅದರ ಅಳತೆ ಎಲ್ಲ ಬರೆದೆ. ಆದರೂ ಧೈರ್ಯ ಸಾಲದೆ ಕಾಗದ ಹಿಡಿದು ಬನವಾಸಿಗೆ ಹೋದೆ. ನಿವೃತ್ತರಾಗಿ ತಂಗಿಯ ಮನೆಯಲ್ಲಿದ್ದ ಸಿಸ್ಟರ್ ಜಗಲಿಯಲ್ಲಿ ಬಿತ್ತನೆ ಶುಂಠಿ ಆರಿಸುತ್ತಿದ್ದರು.

“ಅಲ್ಲಿ ಯಾವುದಕ್ಕೂ ಭಾರ ಇಲ್ಲ ಸಿಸ್ಟರ್. ರೋಗಿ ತೇಲ್ತಾ ಇರ್ತಾನೆ,” ಎಂದೆ.

“ಹಂಗಾರ ಬೆನ್ನಿಗೆ ಹುಣ್ಣ ಆಗೂದಿಲ್ಲೇನ್ರಿ?”

“ಆಗಲ್ಲ.”

ಜೀವನವಿಡೀ ಎರಡೆರಡು ತಾಸಿಗೊಮ್ಮೆ ರೋಗಿಗಳ ಮಗ್ಗುಲು ಹೊರಳಿಸಿದ ಹೆಂಗಸು. ಕೈಯಲ್ಲಿದ್ದ ಶುಂಠಿ ಕೆಳಗಿಟ್ಟು, “ಶಿವಶಿವಾ! ಅಂಥಾದೂ ಒಂದ ಜಾಗ ಐತಿ!” ಎಂದು ಆಕಾಶಕ್ಕೆ ಕೈ ಮುಗಿದರು. ರಾಕೆಟ್ಟಿಗೆ ಬೆರಗಾದವರನ್ನು ಬೇಕಾದಷ್ಟು ಕಂಡಿದ್ದೇನೆ. ಹುಣ್ಣಾಗದ ಬೆನ್ನಿಗೆ ಬೆರಗಾದವರು ಇವರೊಬ್ಬರೇ. ಅವರನ್ನು ನೋಡಿ ನನ್ನ ಮೈಯೂ ಜುಮ್ಮೆಂದಿತು.

“ಮತ್ತ ಮೈ ಸವರಿದ್ರ?”

“ದೂರ ಸರಿದುಹೋಗ್ತಾನೆ. ಅದಕ್ಕೇ ಪಟ್ಟಿ ಹಾಕಿ ಗೋಡೆಗೆ ಕಟ್ಟಬೇಕು ಅಂತ ಬರೆದಿದ್ದೇನೆ.”

“ಗ್ವಾಡಿಗೆ ಕಟ್ಟಾಕ ಅವ ಏನ್ ಸಾಮಾನೇನ್ರಿ? ಯಾರರ ಒಬ್ರು ತಬ್ಬಿ ಹಿಡೀರಿ. ಇಬ್ರಿಗೂ ಕೂಡೇ ಪಟ್ಟಿ ಕಟ್ರಿ.”

ನನ್ನ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆ ಮಾತನ್ನು ಅಲ್ಲೇ ಕೂತು ಬರೆದುಕೊಂಡೆ.

ಸಮಿತಿಯವರು ಅದನ್ನು ಹೊಡೆದುಹಾಕಿದರು. ನೌಕೆಯಲ್ಲಿರುವವರೇ ನಾಲ್ವರು, ಕೆಲಸ ಬಿಟ್ಟು ಒಬ್ಬರು ಸಾಯುವವರ ಜೊತೆ ಕಟ್ಟಿಕೊಂಡು ಕೂರಲಾಗದು ಎಂಬುದು ಅವರ ವಾದ. ಮತ್ತೆ ಬನವಾಸಿಗೆ ಹೋದಾಗ ಸಿಸ್ಟರ್ ತಾವೇ ಹಾಸಿಗೆ ಹಿಡಿದಿದ್ದರು. ದನಿ ಬಹಳ ಸಣ್ಣಗಾಗಿತ್ತು.

“ಆ ಮಾತ ಇಟ್ರಿ?”

“ಇಲ್ಲ ಸಿಸ್ಟರ್. ತೆಗೆದರು.”

“ಅಲ್ಲಿಗೆ ಹೋಗಾವ್ರನ್ನ ಕೇಳಿದ್ರೇನು?”

ಕೇಳಿರಲಿಲ್ಲ. ಇಷ್ಟು ದೊಡ್ಡ ಸಮಿತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಬಂದೆ.

ತರಬೇತಿಯಲ್ಲಿದ್ದ ನಾಲ್ವರ ಮುಂದೆ ಕಾಗದ ಇಟ್ಟೆ. ಸಮಿತಿ ಹೊಡೆದುಹಾಕಿದ ಸಾಲನ್ನು ಪೈಲಟ್ ಹುಡುಗಿ ಎರಡು ಸಲ ಓದಿದಳು. ಉಳಿದ ಮೂವರ ಮುಖ ನೋಡಿದಳು. “ಇದು ಇಲ್ಲದಿದ್ದರೆ ನಾನು ಹೋಗುವುದಿಲ್ಲ ಸರ್,” ಎಂದಳು. ಉಳಿದವರೂ ಅದನ್ನೇ ಹೇಳಿದರು. ಸಾಲು ಉಳಿಯಿತು.

ಸುದ್ದಿ ಹೇಳಲು ಹೋದಾಗ ಸಿಸ್ಟರನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಕೊನೆಗೆ ಹತ್ತಿರ ಯಾರಿದ್ದರೆಂದು ತಂಗಿಯನ್ನು ಕೇಳಿದೆ.

“ನಾನ ಇದ್ನಿರೀ. ಮುಂಜಾನಿಂದ ಮಧ್ಯಾಹ್ನದ ತನಕಾ ತೊಡಿ ಮ್ಯಾಲ ಮಲಗಿಸ್ಕೊಂಡಿದ್ನಿ,” ಎಂದು ಆಕೆ ಗೋಡೆ ಹಿಡಿದು ಮೆಲ್ಲಗೆ ಎದ್ದರು. “ತೊಡಿ ಇನ್ನೂ ನೋಯಾಕತ್ತಾವ.”